ಸಿಲ್ಲಿಯ ಐದನೆಯ ಅರ್ಥ

ಸೋಮವಾರ ಬೆಳಿಗ್ಗೆ ಆಫೀಸಿನ ಬೀಗ ತೆಗೆಯುವ ಮೊದಲೇ ಅವನು ಬಾಗಿಲ ಮುಂದೆ ನಿಂತಿದ್ದ. ಕಾವಲುಗಾರ ಗೊಂಚಲಿನಲ್ಲಿ ಸರಿಯಾದ ಬೀಗದಕೈ ಹುಡುಕುವಷ್ಟು ಹೊತ್ತೂ ಅವನ ಕಾಲು ಒಂದು ಕಡೆ ನಿಲ್ಲಲಿಲ್ಲ. ಬಾಗಿಲು ತೆರೆದದ್ದೇ ಕೊಡೆಯನ್ನೂ ಕೆಳಗಿಡದೆ ಮೂಲೆಯ ಮರದ ಕಪಾಟಿನ ಬಳಿಗೆ ಹೋಗಿ ಎಸ್ ಅಕ್ಷರದ ಹದಿನೇಳನೆಯ ಡ್ರಾಯರನ್ನು ಎಳೆದ. ಡ್ರಾಯರು ಹಗುರಾಗಿ ಕೈಗೆ ಬಂತು. ಒಳಗೆ ಒಂದು ಗುಂಡುಪಿನ್ನು ಬಿಟ್ಟರೆ ಏನೂ ಇರಲಿಲ್ಲ.

ಅದು ನಿಘಂಟು ಕಟ್ಟುವ ಆಫೀಸು. ಇಂಗ್ಲಿಷಿನ ಒಂದೊಂದು ಪದವೂ ಎಲ್ಲಿ ಹುಟ್ಟಿತು, ಬರುವ ದಾರಿಯಲ್ಲಿ ಯಾವ ಅರ್ಥವನ್ನು ಹೊತ್ತುಕೊಂಡಿತು, ಯಾವುದನ್ನು ದಾರಿಯ ಮಗ್ಗುಲಲ್ಲಿ ಇಳಿಸಿಬಂತು ಎಂಬುದನ್ನು ನಮ್ಮ ಮಾತಿನಲ್ಲಿ ಹೇಳುವ ದೊಡ್ಡ ನಿಘಂಟು. ಒಂದು ಅರ್ಥಕ್ಕೆ ಒಂದು ಚೀಟಿ. ಚೀಟಿಯ ಮೇಲೆ ಅರ್ಥ, ಅದರ ಕೆಳಗೆ ಉದಾಹರಣೆಗೆ ಒಂದು ವಾಕ್ಯ. ಹನ್ನೆರಡು ವರ್ಷದಿಂದ ಚೀಟಿ ಬರೆಯುತ್ತಿದ್ದ ಅವನಿಗೆ ಅಲ್ಲಿ ಚೀಟಿ ಎಂದೇ ಹೆಸರು ಬಿದ್ದಿತ್ತು.

ಉದಾಹರಣೆಯ ವಿಷಯದಲ್ಲಿ ಸಂಪಾದಕರು ಬಲು ಬಿಗಿ. ಎಲ್ಲರೂ ಅವರನ್ನು ದೊಡ್ಡವರು ಎನ್ನುತ್ತಿದ್ದರು. "ನಡೆದದ್ದನ್ನ ಬರೀರಿ. 'ಹುಡುಗನು ಹಣ್ಣನ್ನು ತಿಂದನು' ಅಂತ ತಂದ್ರೆ ಯಾವ ಹುಡುಗ, ಯಾವ ಹಣ್ಣು, ಸಿಪ್ಪೆ ಎಲ್ಲಿ ಹಾಕ್ದ ಅಂತ ಕೇಳ್ತೀನಿ," ಎನ್ನುತ್ತಿದ್ದರು. ಕಟ್ಟಿದ ವಾಕ್ಯಕ್ಕೆ ಉಸಿರಿರುವುದಿಲ್ಲ ಎಂಬುದು ಅವರ ನಂಬಿಕೆ. ಹೀಗಾಗಿ ಅಲ್ಲಿ ಕೆಲಸಮಾಡುವವರ ಮನೆಮಂದಿಯೆಲ್ಲ ತಮಗರಿವಿಲ್ಲದೆಯೇ ನಿಘಂಟಿನೊಳಗೆ ಸೇರಿಹೋಗಿದ್ದರು. ಪಕ್ಕದ ಮೇಜಿನವನು ಗೊಣಗುವುದು ಎಂಬ ಅರ್ಥದ ಪದಕ್ಕೆ ತನ್ನ ಅತ್ತೆಯನ್ನೇ ಉದಾಹರಣೆ ಕೊಟ್ಟು ಸಿಕ್ಕಿಬಿದ್ದು ಗೊಣಗಪ್ಪ ಎಂಬ ಹೆಸರು ಸಂಪಾದಿಸಿದ್ದ. ಅಂದಿನಿಂದ ಅವನ ಹೆಂಡತಿ ಬಡಿಸುವಾಗ ಬಾಯಿ ಬಿಡುತ್ತಿರಲಿಲ್ಲ. "ಏನಾದ್ರೂ ಅಂದ್ರೆ ಸಾಕು, ಜೇಬಿಂದ ಚೀಟಿ ತೆಗೀತಾರೆ," ಎಂದು ನೆಂಟರೆದುರು ದೂರುತ್ತಿದ್ದಳು.

ಹೋದ ಶುಕ್ರವಾರ ಚೀಟಿಯ ಕೈಗೆ ಬಂದದ್ದು 'ಸಿಲ್ಲಿ' ಎಂಬ ಪದ. ಶಾಲೆಗೆ ಹೋದ ಮಕ್ಕಳಿಗೆಲ್ಲ ಗೊತ್ತಿರುವ ಪದ. ಉತ್ತರ ಬರುತ್ತಿದ್ದೂ ಒಂದು ಅಂಕ ಕಳೆದುಕೊಂಡರೆ ಮೇಷ್ಟ್ರು ಸಿಲ್ಲಿ ಮಿಸ್ಟೇಕ್ ಎಂದು ಕಿವಿ ಹಿಂಡುವುದಿಲ್ಲವೇ, ಅದು. ಆದರೆ ಆ ಪದ ಹುಟ್ಟಿದಾಗ ಹಾಗಿರಲಿಲ್ಲ. ಸಾವಿರ ವರ್ಷದ ಹಿಂದೆ ಅದರ ಅರ್ಥ ಸುಖಿ, ದೇವರ ಕೃಪೆಗೆ ಪಾತ್ರನಾದವನು, ಧನ್ಯ. ದೇವರ ಕೃಪೆ ಇದ್ದವನು ಯಾರಿಗೂ ಕೇಡು ಬಗೆಯುವುದಿಲ್ಲವಲ್ಲ, ಹಾಗಾಗಿ ಎರಡನೆಯ ಅರ್ಥ ಮುಗ್ಧ. ಕೇಡು ಬಗೆಯದವನನ್ನು ಲೋಕ ಸುಮ್ಮನೆ ಬಿಡುವುದಿಲ್ಲ. ಮೂರನೆಯ ಅರ್ಥ, ಅಯ್ಯೋ ಪಾಪ ಎನ್ನಿಸಿಕೊಳ್ಳುವವನು. ನಾಲ್ಕನೆಯದು ಬಲವಿಲ್ಲದವನು. ಐದನೆಯದು ಪೆದ್ದ. ಧನ್ಯನಾಗಿ ಮನೆಬಿಟ್ಟವನು ಪೆದ್ದನಾಗಿ ಊರು ಸೇರಿದ ಹಾಗೆ.

ನಮ್ಮಲ್ಲೂ ಹೀಗೆಯೇ ಅಲ್ಲವೇ? ಒಬ್ಬನನ್ನು ದೇವರಂಥ ಮನುಷ್ಯ ಎಂದು ಹೊಗಳುತ್ತೇವೆ. ಹೊಗಳಿದ ಉಸಿರಿನಲ್ಲೇ, ಪಾಪ, ಅವನಿಗೇನೂ ತಿಳಿಯೋದಿಲ್ಲ ಎಂದು ಸೇರಿಸುತ್ತೇವೆ. ಒಳ್ಳೆಯತನ ಮತ್ತು ದಡ್ಡತನದ ನಡುವಿನ ಬೇಲಿಯನ್ನು ಕಿತ್ತವರು ನಾವೇ. ಪದಗಳು ಪಾಪ, ಮನುಷ್ಯ ಮೇಯಿಸಿದ ಕಡೆಗೆ ಮೇಯುತ್ತವೆ.

ಮೊದಲ ನಾಲ್ಕು ಅರ್ಥಗಳಿಗೆ ಹಳೆಯ ಪುಸ್ತಕಗಳಿಂದ ಉದಾಹರಣೆ ಸಿಕ್ಕಿದವು. ಅಂಥ ಹಳೆಯ ಅರ್ಥಕ್ಕೆ ಪುಸ್ತಕ ನಡೆಯುತ್ತಿತ್ತು. ಐದನೆಯದು ಇಂದಿನ ಅರ್ಥ. ಅದಕ್ಕೆ ನಡೆದ ಸಂಗತಿಯೇ ಬೇಕು. ಸಂಜೆ ಐದಾಗುತ್ತಿತ್ತು. ಲೋಕದಲ್ಲಿ ನನಗೆ ಗೊತ್ತಿರುವ ಅತಿ ದೊಡ್ಡ ಪೆದ್ದುತನ ಯಾವುದು ಎಂದು ತನ್ನನ್ನೇ ಕೇಳಿಕೊಂಡ. ಉತ್ತರ ಅವನಿಗಿಂತ ಮೊದಲು ಅವನ ಕೈಗೆ ಹೊಳೆಯಿತು. ಬರೆದ:

'ತಮ್ಮನ ತೊದಲು ಕೇಳಿ ವರ ನಕ್ಕನೆಂದು ಅಕ್ಕ ಕೂಡಿಬಂದ ಸಂಬಂಧವನ್ನೇ ಬಿಟ್ಟಳು; ಎಂಥ ಪೆದ್ದಿ.'

ದೇವರು ನಾಲಿಗೆಗೆ ಹಲ್ಲಿನ ಬೇಲಿ ಹಾಕಿ ಕಳಿಸಿದ್ದಾನೆ ಎಂದು ಹಿರಿಯರು ಹೇಳುತ್ತಾರೆ. ಬರೆಯುವ ಕೈಗೆ ಅವನು ಬೇಲಿ ಹಾಕಲಿಲ್ಲ. ಬರೆದ ಚೀಟಿಯನ್ನು ಡ್ರಾಯರಿಗೆ ಹಾಕಿ ಮನೆಗೆ ಹೋದವನಿಗೆ ಎರಡು ದಿನ ನಿದ್ದೆ ಹತ್ತಲಿಲ್ಲ. ಯಾಕೆಂದರೆ ಆ ವಾಕ್ಯವನ್ನು ಅಕ್ಕ ಓದುತ್ತಾಳೆ. ಓದುವುದೇ ಅವಳ ಕೆಲಸ.

ಅವನಿಗೆ ಚಿಕ್ಕಂದಿನಿಂದ ಮಾತು ತಡೆಯುತ್ತಿತ್ತು. ಆ ಆಫೀಸಿನಲ್ಲಿ ಅಚ್ಚಿಗೆ ಹೋಗುವ ಒಂದೊಂದು ಪುಟವನ್ನೂ ಬರೆದವನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕರಡು ಹಿಡಿದು ಕೇಳುತ್ತ ತಿದ್ದಬೇಕು. ಅವನು ಸೇರಿದ ಹೊಸದರಲ್ಲಿ ಒಂದು ಪುಟ ಓದಲು ಅರ್ಧ ದಿನ ಹಿಡಿಯಿತು. ಕೇಳುವವರು ಕನಿಕರದಿಂದ ಅವನ ಪದಗಳನ್ನು ತಾವೇ ಮುಗಿಸುತ್ತಿದ್ದರು. ಅವರು ಮುಗಿಸಿದಷ್ಟೂ ಅವನ ಮಾತು ಇನ್ನಷ್ಟು ತಡೆಯುತ್ತಿತ್ತು. ಇನ್ನೇನು ಕೆಲಸ ಬಿಡಬೇಕು ಎನ್ನುವಾಗ ಅಕ್ಕ ಬಂದು ದೊಡ್ಡವರನ್ನು ಕಂಡು ಕರಡು ತಿದ್ದುವ ಕೆಲಸ ಕೇಳಿದಳು. ಅಕ್ಕನೆದುರು ಅವನ ಮಾತು ಕಾಲುವೆಯ ನೀರಿನ ಹಾಗೆ ಹರಿಯುತ್ತಿತ್ತು. ಹನ್ನೆರಡು ವರ್ಷದಿಂದ ಅವನು ಓದಿದ್ದೆಲ್ಲ ಅವಳ ಕಿವಿಗೇ. ಎ, ಬಿ, ಸಿಗಳೆಲ್ಲ ಹೇಗೋ ದಾಟಿದವು. ಎಸ್ ಮಾತ್ರ ದೊಡ್ಡ ಕುಟುಂಬದ ಮನೆ, ಒಳಗೆ ಹೋದಷ್ಟೂ ಕೋಣೆ. ಮೂರು ವರ್ಷವಾದರೂ ಹಿತ್ತಲು ಸಿಕ್ಕಿರಲಿಲ್ಲ. ಅವನಿಗೆ ಅತಿ ಹೆಚ್ಚು ತಡೆಯುವ ಅಕ್ಷರವೂ ಅದೇ.

ಅಕ್ಕ ಮುನಿದು ಕೇಳುವುದನ್ನು ಬಿಟ್ಟರೆ? ಕೆಲಸ ಹೋಗಲಿ, ಈ ಭೂಮಿಯ ಮೇಲೆ ಅವನ ಮಾತು ಸಲೀಸಾಗಿ ಹರಿಯುವ ಒಂದೇ ಒಂದು ಜಾಗ ಮುಚ್ಚಿಹೋಗುತ್ತದೆ.

ಶನಿವಾರ ಅವನಿಗೆ ರಜೆ. ಆದರೂ ಸಮಯವಿದೆ ಎಂದು ಅವನು ಸಮಾಧಾನ ಮಾಡಿಕೊಂಡಿದ್ದ. ಜೋಡಿಸಿದ ಪುಟಗಳು ಎರಡು ದಿನ ದೊಡ್ಡವರ ಮೇಜಿನ ಮೇಲಿದ್ದು ಆಮೇಲೆ ಅಕ್ಕನ ಕೋಣೆಗೆ ಹೋಗುವುದು ಪದ್ಧತಿ. ಅಷ್ಟರಲ್ಲಿ ಚೀಟಿ ಬದಲಿಸಿದರಾಯಿತು. ತಾನೊಂದು ಬಗೆದರೆ ದೈವವೊಂದು ಬಗೆಯಿತು.

ಖಾಲಿ ಡ್ರಾಯರನ್ನು ಹಾಗೆಯೇ ಬಿಟ್ಟು ಪುಟ ಜೋಡಿಸುವ ಕೋಣೆಗೆ ಓಡಿದ. ಅಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಹೆಂಗಸನ್ನು ಎಲ್ಲರೂ ಅಕ್ಷರದಮ್ಮ ಎನ್ನುತ್ತಿದ್ದರು. ಅವಳು ಆಗತಾನೇ ಬಂದು ಕೀಲಿಮಣೆಯ ಮೇಲಿನ ಬಟ್ಟೆಯನ್ನು ಮಡಿಸುತ್ತಿದ್ದಳು.

"ಹ... ಹದಿನೇಳನೇ ಡ್ರಾಯರು..."

"ಮುಗೀತು," ಎಂದಳು ಅಕ್ಷರದಮ್ಮ ಹೆಮ್ಮೆಯಿಂದ. "ಶನಿವಾರ ಕೂತು ಜೋಡಿಸಿಬಿಟ್ಟೆ. ಹೊಗಳ್ತೀರೇನೋ ಅಂದ್ಕೊಂಡ್ರೆ, ಮುಖ ಯಾಕೆ ಹೀಗೆ? ಸಾಲ ಕೇಳೋಕೆ ಬಂದವರ ಥರ?"

"ದೊ... ದೊಡ್ಡವರ ಮೇಜಿನ ಮೇಲೆ ಇದ್ಯಾ?"

"ಅವರಿಗೆ ಶನಿವಾರ ಹಲ್ಲುನೋವು. ಕೆನ್ನೆ ಹೀಗೆ ಊದಿಹೋಗಿತ್ತು. ಇವತ್ತು ಬೆಳಿಗ್ಗೆ ಕೀಳಿಸ್ತಾರಂತೆ. ಅಕ್ಷರ ಕಣ್ಣಿಗೆ ಹತ್ತಲ್ಲ, ನೇರ ಅಕ್ಕನಿಗೇ ಕೊಡಿ ಅಂದ್ರು. ನಿಮ್ಮಕ್ಕ ಸಂಜೆನೇ ಕಟ್ಟು ಹಿಡ್ಕೊಂಡು ಮನೆಗೆ ಹೋದ್ರಲ್ಲ, ನೀವು ನೋಡ್ಲಿಲ್ವಾ?"

ಅವನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತ. ಶನಿವಾರ ಸಂಜೆ ಎಂದರೆ ಭಾನುವಾರ ಇಡೀ ದಿನ ಆ ಪುಟ ಅವಳ ಹತ್ತಿರ ಇತ್ತು. ಇಬ್ಬರೂ ಇರುವುದು ಒಂದೇ ಮನೆಯಲ್ಲಿ. ಮೇಲಿನ ಕೋಣೆ ಅವಳದು, ಕೆಳಗಿನದು ಇವನದು. ಭಾನುವಾರ ಮಧ್ಯಾಹ್ನ ಎದುರುಬದುರು ಕೂತು ಉಂಡಿದ್ದರು. ಸಾರಿಗೆ ಉಪ್ಪು ಸರಿ ಇದೆಯೇನೋ ಎಂದು ಕೇಳಿದ್ದಳು. ಆಮೇಲೆ, ತಟ್ಟೆ ತೊಳೆಯುತ್ತ, ಬೆನ್ನು ತಿರುಗಿಸಿಕೊಂಡೇ, "ಅವತ್ತು ನನ್ನ ನೋಡೋಕೆ ಬಂದಿದ್ನಲ್ಲ, ಸೇತುವೆ ಕಟ್ಟೋ ಎಂಜಿನಿಯರು, ಅವನ ಮುಖ ನೆನಪಿದ್ಯೇನೋ ನಿಂಗೆ?" ಎಂದಿದ್ದಳು. ಮೀಸೆ ಮಾತ್ರ ನೆನಪಿದೆ ಎಂದು ಇವನು ಹೇಳಿದ್ದ. ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಎತ್ತದ ಆ ಮಾತನ್ನು ಈಗೇಕೆ ಎತ್ತಿದಳು ಎಂದು ಕೇಳುವ ಧೈರ್ಯ ಬಂದಿರಲಿಲ್ಲ. ಈಗ ಅರ್ಥವಾಯಿತು.

"ಅಕ್ಕ ಬ... ಬಂದಿದ್ದಾಳಾ?"

"ಮಧ್ಯಾಹ್ನ ಬರ್ತೀನಿ ಅಂತ ಫೋನ್ ಮಾಡಿದ್ರು."

ಅವನು ಮನೆಯ ಕಡೆ ನಡೆದ. ನಡೆದ ಎನ್ನುವುದು ಸುಳ್ಳು, ಅರ್ಧ ಓಡಿದ. ಬೀದಿಯಲ್ಲಿ ಬಡಗಿಯ ಅಂಗಡಿಯ ಮುಂದೆ ಹೊರಗಿಟ್ಟಿದ್ದ ಬಾಗಿಲಿನ ಚೌಕಟ್ಟಿನೊಳಗೇ ನುಗ್ಗಿ ಆಚೆ ಬಂದ. ಬಡಗಿ, "ನಿಮ್ಮನೆ ಅಲ್ಲ ಸ್ವಾಮಿ ಇದು," ಎಂದು ಕೂಗಿದ್ದು ಹಿಂದೆಯೇ ಉಳಿಯಿತು. ಮನಸ್ಸು ಅವನಿಗಿಂತ ಮುಂದೆ ಓಡುತ್ತಿತ್ತು. ಅವನಿಗಾಗ ಹನ್ನೊಂದು ವರ್ಷ. ವರನ ಕಡೆಯವರು ಬಂದು ಕೂತಿದ್ದರು. ನಿನ್ನ ಹೆಸರೇನಪ್ಪ ಎಂದು ಆ ಮೀಸೆಯವನು ಕೇಳಿದ, ಇವನಿಗೆ ಮೊದಲ ಅಕ್ಷರವೇ ಬರಲಿಲ್ಲ, ಆತ ನಕ್ಕ. ಮಾರನೆಯ ದಿನ ಅಕ್ಕ ಈ ಮದುವೆ ಬೇಡ ಎಂದಳು. ಆಮೇಲೆ ಬಂದ ಯಾವ ಸಂಬಂಧವನ್ನೂ ಒಪ್ಪಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಚಿಕ್ಕಮ್ಮ ಇವನ ಗಲ್ಲ ಹಿಡಿದು, "ನಿನ್ನ ನಾಲಿಗೆ ಅವಳ ಬಾಳನ್ನ ತಿಂತು ಕಣೋ," ಎಂದಿದ್ದಳು. ಚಿಕ್ಕಮ್ಮ ದೇವರ ಪಾದ ಸೇರಿ ಎಷ್ಟೋ ವರ್ಷವಾಯಿತು. ಅವಳು ಆಡಿದ ಮಾತು ಸಾಯಲಿಲ್ಲ.

ಮನೆಯಲ್ಲಿ ಅಕ್ಕನಿರಲಿಲ್ಲ. ಮೇಲಿನ ಕೋಣೆಯ ಮೇಜಿನ ಮೇಲೆ ಕರಡಿನ ಕಟ್ಟು ದಾರ ಕಟ್ಟಿಕೊಂಡು ಕೂತಿತ್ತು. ಅವನು ಬಾಗಿಲಲ್ಲೇ ನಿಂತ. ಅವಳಿಲ್ಲದಾಗ ಅವಳ ಮೇಜನ್ನು ಮುಟ್ಟಿದವನಲ್ಲ. ಆ ಪುಟವನ್ನು ತೆಗೆದುಬಿಟ್ಟರೆ, ಅಕ್ಷರದಮ್ಮನ ಕೈಕಾಲು ಹಿಡಿದು ಬೇರೆ ಪುಟ ಮಾಡಿಸಿ ಇಟ್ಟುಬಿಟ್ಟರೆ? ಅವಳಿನ್ನೂ ಓದಿರದೆಯೂ ಇರಬಹುದು. ದೇವರೇ, ಇದೊಂದು ಸಲ, ಎಂದುಕೊಂಡು ದಾರ ಬಿಚ್ಚಿದ. ದೇವರನ್ನು ನಾವು ಹೆಚ್ಚಾಗಿ ಕರೆಯುವುದು ಇಂಥ ಕೆಲಸಕ್ಕೇ. ನಾನೂರ ಹತ್ತು, ನಾನೂರ ಹನ್ನೊಂದು. ಮುಂದಿನದು ನಾನೂರ ಹದಿಮೂರು. ನಾನೂರ ಹನ್ನೆರಡು ಇರಲಿಲ್ಲ.

ಕಟ್ಟನ್ನು ಎರಡು ಸಲ ಎಣಿಸಿದ. ಮಂಚದ ಕೆಳಗೆ ಬಗ್ಗಿ ನೋಡಿದ. ಅಲ್ಲಿ ಕಂಡದ್ದು ಬೇರೆ. ಯಾವಾಗಲೂ ಅಲ್ಲಿರುತ್ತಿದ್ದ ಅಕ್ಕನ ಕಂದು ಬಣ್ಣದ ಸೂಟ್‌ಕೇಸ್ ಇರಲಿಲ್ಲ. ಅದಿದ್ದ ಜಾಗದಲ್ಲಿ ಧೂಳಿಲ್ಲದ ಒಂದು ಚೌಕ ಮಾತ್ರ ಇತ್ತು.

ಎಲ್ಲಿಗೆ ಹೋದಳು? ಅವಳ ಬುದ್ಧಿ ಅವನಿಗೆ ಗೊತ್ತು. ಒಂದು ಉದಾಹರಣೆಯ ಮೇಲೆ ತಕರಾರಿದ್ದರೆ ಅದನ್ನು ಹೊಡೆದುಹಾಕಲು ದೊಡ್ಡವರ ಸಹಿ ಬೇಕು. ಪುಟ ಹಿಡಿದು ಅವರ ಬಳಿಗೇ ಹೋಗಿರುತ್ತಾಳೆ. ದೊಡ್ಡವರು ಹಲ್ಲಿನ ಡಾಕ್ಟರ ಹತ್ತಿರ. ಕಟ್ಟಿಗೆ ಮತ್ತೆ ದಾರ ಸುತ್ತಿ ಕಂಕುಳಲ್ಲಿ ಇರುಕಿಕೊಂಡು ಅತ್ತ ಓಡಿದ.

ಡಾಕ್ಟರ ಕೋಣೆಯ ಹೊರಗೆ ಉದ್ದನೆಯ ಬೆಂಚು. ಅದರ ತುಂಬ ಒಂದೊಂದು ಕೆನ್ನೆಯನ್ನು ಹಿಡಿದುಕೊಂಡ ಜನ, ಎಲ್ಲರೂ ಯಾವುದೋ ಆಳವಾದ ವಿಚಾರದಲ್ಲಿ ಮುಳುಗಿದವರಂತೆ. ಕೊನೆಯಲ್ಲಿ ದೊಡ್ಡವರು. ಹಲ್ಲು ಆಗಷ್ಟೇ ಕೀಳಿಸಿಕೊಂಡು ಬಾಯಿ ತುಂಬ ಹತ್ತಿ ಕಚ್ಚಿಕೊಂಡಿದ್ದರು. ಅವನನ್ನು ಕಂಡು ಹುಬ್ಬೇರಿಸಿದರು.

"ಸ... ಸಾರ್, ಅ... ಅಕ್ಕ... ಆ ಪು... ಪು..."

ದೊಡ್ಡವರು "ಊಂ, ಊಂ" ಎಂದರು.

"ಇಲ್ಲಿಗೆ ಬಂ... ಬಂ..."

"ಊಂಹೂಂ, ಊಂ."

ಪಕ್ಕದಲ್ಲಿ ಕೂತಿದ್ದ ಮುದುಕ ಇಬ್ಬರನ್ನೂ ಸರದಿಯಂತೆ ನೋಡಿ, "ಒಬ್ಬರಿಗೆ ಬಾಯಿ ತೆಗೆಯೋಕಾಗಲ್ಲ, ಒಬ್ಬರಿಗೆ ಮುಚ್ಚೋಕಾಗಲ್ಲ. ನನ್ನ ಹಲ್ಲುನೋವೇ ವಾಸಿ," ಎಂದ.

ದೊಡ್ಡವರು ಜೇಬಿನಿಂದ ಖಾಲಿ ಚೀಟಿಯೊಂದನ್ನು ತೆಗೆದು ತೊಡೆಯ ಮೇಲಿಟ್ಟು ಬರೆದರು. 'ನಿಮ್ಮಕ್ಕ ಬಂದಿದ್ದರು. ಆ ವಾಕ್ಯ ತೆಗೆಯಲು ಸಹಿ ಮಾಡಿದ್ದೇನೆ. ಸಂಜೆಯೊಳಗೆ ಬೇರೆ ಬೇಕು.'

"ಯಾ... ಯಾಕೆ ತೆಗೀಬೇಕಂತೆ?"

'ನಡೆದದ್ದಲ್ಲ ಎಂದರು.'

ನಡೆದದ್ದಲ್ಲ! ಅವನ ಕಣ್ಣೆದುರೇ ನಡೆದದ್ದು. ಮನಸ್ಸು ನೊಂದವರು ಹೀಗೆ ಆಗಿದ್ದನ್ನೇ ಇಲ್ಲ ಎನ್ನುತ್ತಾರೆ ಎಂದು ಅವನು ತಿಳಿದ. ದೊಡ್ಡವರು ಇನ್ನೂ ಬರೆಯುತ್ತಿದ್ದರು. 'ಒಂದು ತಿಂಗಳು ರಜೆ ಕೇಳಿದರು. ಕೊಟ್ಟೆ. ಈಗ ಆಫೀಸಿಗೆ ಹೋದರು.'

ಆಫೀಸಿಗೆ ಮರಳುವ ದಾರಿ ಬೆಳಿಗ್ಗೆ ಇದ್ದುದಕ್ಕಿಂತ ಉದ್ದವಾಗಿತ್ತು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ವಾಕ್ಯ ಕಟ್ಟಿದ, ಕಟ್ಟಿದ್ದನ್ನು ಒಡೆದ. ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಓದುವ ಕೋಣೆಯ ಬಾಗಿಲನ್ನು ತಳ್ಳಿದ.

ಅಕ್ಕ ತನ್ನ ಜಾಗದಲ್ಲಿ ಕೂತಿದ್ದಳು. ಎದುರಿಗೆ ನಾನೂರ ಹನ್ನೆರಡನೆಯ ಪುಟ, ಬದಿಗೆ ಕಂದು ಸೂಟ್‌ಕೇಸ್. ಕನ್ನಡಕ ಹಣೆಯ ಮೇಲಿತ್ತು.

"ಬೆವರು ಒರೆಸ್ಕೋ ಮೊದಲು," ಎಂದಳು. "ನನ್ನ ಹುಡುಕ್ಕೊಂಡು ಓಡಿದ್ಯಂತೆ. ಅಕ್ಷರದಮ್ಮ ಹೇಳಿದ್ಲು."

"ಅ... ಅಕ್ಕ... ನಾ... ನಾನು..."

ಅವನು ಬೆಚ್ಚಿ ನಿಂತ. ಅವಳೆದುರು ಅವನ ಮಾತು ಎಂದೂ ತಡೆದಿರಲಿಲ್ಲ. ತಾನು ಹೆದರಿದ್ದು ಆಗಿಹೋಯಿತು, ಆ ಬಾಗಿಲೂ ಮುಚ್ಚಿತು ಎಂದುಕೊಂಡ. ಅಕ್ಕ ಸುಮ್ಮನೆ ಅವನ ಮುಖ ನೋಡುತ್ತಿದ್ದಳು. ಹೂಂ ಎನ್ನಲಿಲ್ಲ, ತಲೆಯಾಡಿಸಲಿಲ್ಲ, ಅವನಿಗೆ ಬೇಕಾಗಿದ್ದ ಪದವನ್ನು ಎತ್ತಿ ಕೊಡಲಿಲ್ಲ. ಕಾದಳು. ಗೋಡೆಯ ಗಡಿಯಾರ ತನ್ನ ಪಾಡಿಗೆ ತಾನು ಮೂವತ್ತು ನಲವತ್ತು ಸಲ ಸದ್ದು ಮಾಡಿತು.

"ನಾನು ಆ ವಾ... ವಾಕ್ಯ ಬ... ಬರೀಬಾರದಿತ್ತು," ಎಂದು ಕೊನೆಗೆ ಹೊರಬಂತು.

"ಬರೀಬಾರದಿತ್ತು. ಸುಳ್ಳು ಅದು. ಕೂತ್ಕೋ."

ಕೂತ.

"ಅವನು ನಕ್ಕದ್ದು ನಿಜ," ಎಂದಳು ಅಕ್ಕ. "ಅದಕ್ಕೆ ನಾನು ಮದುವೆ ಬಿಟ್ಟೆ ಅಂತ ನಿಂಗೆ ಹೇಳಿದ್ಯಾರು?"

"ಚಿಕ್ಕಮ್ಮ."

"ಅಂದ್ಕೊಂಡೆ. ಅವನು ನಿನ್ನ ಹೆಸರು ಕೇಳೋಕೆ ಮುಂಚೆನೇ ನಾನು ಮನಸ್ಸಲ್ಲಿ ಬೇಡ ಅಂದಾಗಿತ್ತು. ಅರ್ಧ ಗಂಟೆ ಕೂತಿದ್ದ ಮನುಷ್ಯ. ಅಷ್ಟರಲ್ಲಿ ನನ್ನ ಮಾತನ್ನ ನಾಲ್ಕು ಸಲ ತಾನೇ ಮುಗಿಸ್ದ. 'ನಂಗೆ ಓದೋದು ಅಂದ್ರೆ' ಅಂತ ಬಾಯಿ ತೆಗೆದೆ. 'ಇಷ್ಟ ಇಲ್ಲ, ಅಲ್ವಾ, ಅಡುಗೆ ಇಷ್ಟ' ಅಂದ. ನಿಂಗಾದ್ರೂ ನಾಲಿಗೆ ತಡೆಯುತ್ತೆ. ಅವನನ್ನ ಮದುವೆ ಆಗಿದ್ರೆ ನಾನು ನಾಲಿಗೆ ಸರಿಯಾಗಿದ್ದೂ ಬದುಕೆಲ್ಲ ಅರ್ಧ ವಾಕ್ಯ ಆಡ್ಕೊಂಡಿರಬೇಕಿತ್ತು. ತಪ್ಪಿಸ್ಕೊಂಡೆ ಕಣೋ. ಅವತ್ತು ರಾತ್ರಿ ಎಂಥ ಸುಖವಾಗಿ ನಿದ್ದೆ ಮಾಡ್ದೆ ಗೊತ್ತಾ?"

"ಆಮೇಲೆ ಬಂ... ಬಂದವರು?"

"ಅವರೂ ಬೇಡವಾಗಿತ್ತು, ಅಷ್ಟೇ. ಎಲ್ಲರಿಗೂ ಮದುವೆ ಬೇಕು ಅಂತ ಎಲ್ಲಿ ಬರೆದಿದೆ?" ಅವಳು ಕನ್ನಡಕವನ್ನು ಹಣೆಯಿಂದ ತೆಗೆದು ಸೆರಗಿನಿಂದ ಒರೆಸಿದಳು. ಒರೆಸಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿದಳು. "ನನ್ನ ತಪ್ಪೂ ಒಂದಿದೆ. ಅದನ್ನ ಹೇಳಿಬಿಡ್ತೀನಿ. ತಮ್ಮನಿಗೋಸ್ಕರ ಬಿಟ್ಲು ಅಂತ ನೆಂಟರೆಲ್ಲ ಮಾತಾಡ್ಕೊಂಡಾಗ ನಾನು ಸುಮ್ಮನಿದ್ದೆ. ಅನುಕೂಲ ಆಗಿತ್ತು. ಯಾಕೆ ಬೇಡ, ಯಾಕೆ ಬೇಡ ಅಂತ ಪ್ರಾಣ ತಿನ್ನೋರೆಲ್ಲ ತ್ಯಾಗ ಅಂದ್ಕೂಡ್ಲೆ ಬಾಯಿ ಮುಚ್ಕೊಂಡ್ರು. ಆ ಸುಳ್ಳನ್ನ ನಾನು ಹೇಳಲಿಲ್ಲ, ಆದ್ರೆ ಅಲ್ಲ ಅಂತಲೂ ಹೇಳಲಿಲ್ಲ. ಅದು ನಿನ್ನ ಬೆನ್ನ ಮೇಲೆ ಕೂತಿದೆ ಅಂತ ದೇವರಾಣೆ ಗೊತ್ತಿರಲಿಲ್ಲ. ಶನಿವಾರ ಗೊತ್ತಾಯ್ತು."

ಇಪ್ಪತ್ತಾರು ವರ್ಷ ಹೊತ್ತ ಮೂಟೆಯನ್ನು ಯಾರೋ ತೆಗೆದು, ಇದು ನಿನ್ನದಲ್ಲ ಎಂದರೆ, ಬೆನ್ನಿಗೆ ಹಗುರಾಗುವುದು ಆಮೇಲೆ. ಮೊದಲು ಆಗುವುದು ತಬ್ಬಿಬ್ಬು.

"ಕೋ... ಕೋಪ ಇದ್ಯಾ?"

"ಇದೆ."

"ಪೆ... ಪೆದ್ದಿ ಅಂದದ್ದಕ್ಕೆ..."

"ಅಲ್ವೋ! ಪೆದ್ದಿ ಅನ್ನು, ದಡ್ಡಿ ಅನ್ನು, ಚಿಕ್ಕೋನಿದ್ದಾಗಿಂದ ಅಂತಿದ್ದೀಯ, ಹೊಸದೇನು? ಐದನೇ ಅರ್ಥಕ್ಕೆ ಕೋಪ ಇಲ್ಲ. ದಿನಾ ನನ್ನ ಎದುರಿಗೆ ಕೂತು, ನಾನು ಬಡಿಸಿದ್ದು ಉಂಡು, ಇಷ್ಟು ವರ್ಷವೂ ನನ್ನನ್ನ ಮೂರನೇ ಅರ್ಥದಲ್ಲಿ ಇಟ್ಟಿದ್ಯಲ್ಲ, ಅಯ್ಯೋ ಪಾಪ ಅಂತ, ಅದಕ್ಕೆ ಕೋಪ." ಅವಳ ದನಿ ಒಂದು ಕ್ಷಣ ಒಡೆಯಿತು. "ನಾನು ಚೆನ್ನಾಗಿದ್ದೆ ಕಣೋ. ನೀನು ನೋಡಲೇ ಇಲ್ಲ."

ಹೊರಗೆ ಯಾರೋ ಮೆಟ್ಟಿಲಿಳಿದು ಹೋದರು. ಅವನು ಮೇಜಿನ ಅಂಚನ್ನು ಬೆರಳಿನಿಂದ ಒತ್ತಿ ಹಿಡಿದಿದ್ದ.

"ಹಾಗಾದ್ರೆ ಸೂ... ಸೂಟ್‌ಕೇಸು?"

"ಸಮುದ್ರದ ದಂಡೆಯ ಊರಲ್ಲಿ ನನ್ನ ಗೆಳತಿ ಇದ್ದಾಳಲ್ಲ, ನರ್ಸು, ಅವಳ ಮನೆಗೆ. ಬಾ ಬಾ ಅಂತ ಮೂರು ವರ್ಷದಿಂದ ಕರೀತಿದ್ದಾಳೆ. ಎಸ್ ಒಂದು ಮುಗೀಲಿ, ಬರ್ತೀನಿ, ನಾನಿಲ್ದಿದ್ರೆ ಇವನ ಓದು ಯಾರು ಕೇಳ್ತಾರೆ ಅಂತ ನಾನೇ ಮುಂದಕ್ಕೆ ಹಾಕಿದ್ದು. ಎಸ್ ಮುಗಿಯುತ್ತಾ? ನಿನ್ನೆ ಕೂತು ಯೋಚನೆ ಮಾಡ್ದೆ. ತ್ಯಾಗ ಮಾಡಿದ್ಲು ಅಂತ ಊರು ಸುಳ್ಳು ಹೇಳ್ತು. ನಾನು ಅದನ್ನ ನಿಜ ಮಾಡೋಕೆ ಹೊರಟಿದ್ದೀನಲ್ಲಪ್ಪ ಅನ್ನಿಸ್ತು." ಅವಳಿಗೆ ನಗು ಬಂತು. "ಅದು ನೋಡು ಪೆದ್ದುತನ ಅಂದ್ರೆ. ನಡೆದದ್ದೂ ಹೌದು. ಬೇಕಾದ್ರೆ ಅದನ್ನ ಬರ್ಕೋ."

ಅವನ ಕೈ ಅಭ್ಯಾಸದಿಂದ ಜೇಬಿಗೆ ಹೋಗಿ ಅಲ್ಲೇ ನಿಂತಿತು.

"ಬರಿ, ಬರಿ. ನಾನೇ ಹೇಳ್ತಿದ್ದೀನಲ್ಲ," ಎಂದಳು ಅಕ್ಕ. "ಈ ಸಲ ನನ್ನನ್ನ ಕೇಳಿ ಬರೀತಿದ್ದೀಯ."

ಬರೆದ. 'ಒಂದು ಅಕ್ಷರ ಮುಗಿಯಲಿ ಎಂದು ಅಕ್ಕ ಮೂರು ವರ್ಷ ಸಮುದ್ರವನ್ನು ನೋಡದೆ ಕಾದಳು.' ಅಕ್ಕ ಚೀಟಿಯನ್ನು ತಿರುಗಿಸಿ ಓದಿ, "ಎಂಥ ಪೆದ್ದಿ ಅನ್ನೋದು ಎಲ್ಲಿ?" ಎಂದಳು.

"ಬೇ... ಬೇಡ. ಓದಿದವರಿಗೆ ತಿಳಿಯುತ್ತೆ."

"ಹೂಂ. ಬರಹ ಸುಧಾರಿಸ್ತಿದೆ," ಎಂದು ಚೀಟಿಗೆ ಸಹಿ ಹಾಕಿದಳು.

ಮೂರು ಗಂಟೆಯ ರೈಲಿಗೆ ಅವಳು ಎದ್ದಳು. ಅವನು ಸೂಟ್‌ಕೇಸ್ ಎತ್ತಿಕೊಳ್ಳಲು ಹೋದರೆ ಬೇಡವೆಂದು ತಾನೇ ಹಿಡಿದಳು. ಬಾಗಿಲಲ್ಲಿ ಗೊಣಗಪ್ಪ ನಿಂತಿದ್ದ. ಉಳಿದ ಪುಟಗಳನ್ನು ಕೇಳುವ ಕೆಲಸ ಒಂದು ತಿಂಗಳ ಮಟ್ಟಿಗೆ ಅವನ ಪಾಲಿಗೆ ಬಂದಿತ್ತು. ಮುಂಗೈ ಕೆರೆದುಕೊಳ್ಳುತ್ತ, "ನಾನು ಹೇಗೆ ಕೇಳಬೇಕು ಅಕ್ಕಾವರೇ? ಏನಾದ್ರೂ ವಿದ್ಯೆ ಇದ್ಯಾ ಇದಕ್ಕೆ?" ಎಂದ.

"ವಿದ್ಯೆ ಏನಿಲ್ಲಪ್ಪ. ಅವನ ಮಾತನ್ನ ನೀವು ಮುಗಿಸಬೇಡಿ. ಅಷ್ಟೇ."

"ನಮ್ಮನೇಲಿ ನನ್ನ ಮಾತನ್ನೇ ನನಗೆ ಮುಗಿಸೋಕೆ ಬಿಡಲ್ಲ. ಇನ್ನು ಇವರದ್ದನ್ನ ಎಲ್ಲಿಂದ ಮುಗಿಸ್ಲಿ?"

ಅಕ್ಕ ತಮ್ಮನ ತಲೆಯ ಮೇಲೆ ಒಮ್ಮೆ ಕೈಯಿಟ್ಟು, ಹೋಗಿಬರ್ತೀನಿ ಎಂದು ಮೆಟ್ಟಿಲಿಳಿದಳು. ಅವನು ಕಿಟಕಿಯ ಬಳಿ ನಿಂತು ನೋಡಿದ. ಅವಳು ಬೀದಿಯನ್ನು ದಾಟಿ, ಸೂಟ್‌ಕೇಸನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿ, ಹಿಂದಕ್ಕೆ ತಿರುಗದೆ ನಡೆದಳು. ನಡಿಗೆ ಚುರುಕಾಗಿತ್ತು. ಆ ನಡಿಗೆ ಎಂದಿನಿಂದಲೂ ಹಾಗೆಯೇ ಇತ್ತೋ ಏನೋ. ಅವನಿಗೆ ನೆನಪಾಗಲಿಲ್ಲ, ಮತ್ತು ಅದು ನೆನಪಾಗದಿದ್ದುದಕ್ಕೆ ಅವನ ಒಳಗೆ ನೋವಾಯಿತು.

ಗೊಣಗಪ್ಪ ಅಕ್ಕನ ಕುರ್ಚಿಯಲ್ಲಿ ಅಂಚಿಗೆ ಕೂತು, ಇವನು ತಂದಿದ್ದ ಕಟ್ಟಿನಿಂದ ನಾನೂರ ಹದಿಮೂರನೆಯ ಪುಟವನ್ನು ತೆಗೆದು ಹರಡಿಕೊಂಡ. ಮೇಲಿನ ಪದ 'ಸಿಲ್ಟ್'. ಮೊದಲ ಅರ್ಥ, ಕಡಲ ನೀರು ಹಿಂದೆ ಬಿಟ್ಟುಹೋದ ನುಣ್ಣನೆಯ ಮಣ್ಣು. ಇವನು ಎದುರಿಗೆ ಕೂತು ಬಾಯಿ ತೆರೆದ. ಸ ಬಂತು, ಸ ಮಾತ್ರ. ಮತ್ತೆ ಸ. ಕತ್ತಿನ ನರ ಉಬ್ಬಿತು, ಕಾಲು ಮೇಜಿನ ಕೆಳಗೆ ತಾಳ ಹಾಕತೊಡಗಿತು. ಓಡಿಹೋಗಬೇಕೆನ್ನಿಸಿತು. ಗೊಣಗಪ್ಪನ ತುಟಿ ಅವನಿಗೆ ಸಹಾಯ ಮಾಡಲೆಂದು ತಾನಾಗಿಯೇ ದುಂಡಗಾಯಿತು. ಥಟ್ಟನೆ ಎಚ್ಚೆತ್ತವನಂತೆ ಪೆನ್ಸಿಲನ್ನು ಅಡ್ಡಲಾಗಿ ಬಾಯಿಗೆ ಕಚ್ಚಿಕೊಂಡು, ಕಣ್ಣನ್ನು ಪುಟದ ಮೇಲಿಟ್ಟು, ಅಲುಗಾಡದೆ ಕೂತ.

ಎದುರಿಗಿದ್ದ ಇವನು ಉಸಿರು ಬಿಟ್ಟ. ಮತ್ತೊಮ್ಮೆ ಎಳೆದುಕೊಂಡ. ಅದೇ ಅಕ್ಷರದಿಂದ ಮೊದಲು ಮಾಡಿದ.